ಪಕ್ಕಕ್ಕೆ ಓಡುವ ಆಟಗಳು, ನಕಲಿನ ಇತಿಹಾಸ: ಮಾರಿಯೋ, ಡೇವ್ ಮತ್ತು ಉಲ್ಹಾಸನಗರದ ಹಳೇ ಜೋಕು

ಇವತ್ತಿನ ಮಾತು ಹಳೆಯ ಹೋಮ್ ಕಂಪ್ಯೂಟರ್‌ಗಳ ಪ್ಲಾಟ್‌ಫಾರ್ಮ್ ಆಟಗಳ ಬಗ್ಗೆ. ವಿಡಿಯೋದಲ್ಲಿ ಹೇಳಿದ್ದನ್ನೇ ಸ್ವಲ್ಪ ಓರಣ ಮಾಡಿ, ಅಲ್ಲಿ ಅವಸರದಲ್ಲಿ ದಾಟಿದ ಲೆಕ್ಕಗಳನ್ನು ಬಿಡಿಸಿ ಇಲ್ಲಿ ಕೊಟ್ಟಿದೆ.

ಪ್ಲಾಟ್‌ಫಾರ್ಮ್ ಅಂದ ಕೂಡಲೇ ಡೊಂಬಿವಲಿ, ಕಲ್ಯಾಣ ಕಡೆಯ ನಮ್ಮ ಕನ್ನಡದವರಿಗೆ ನೆನಪಾಗೋದು ರೈಲ್ವೆ ಪ್ಲಾಟ್‌ಫಾರ್ಮೇ. ಒಳ್ಳೇದೇ ಆಯ್ತು, ಅಲ್ಲಿಂದಲೇ ಶುರು ಮಾಡೋಣ. ಕಲ್ಯಾಣದಿಂದ ಅಂಬರನಾಥದ ಕಡೆಗೆ ಹೊರಟ ಲೋಕಲ್‌ಗೆ ಮೊದಲ ಸ್ಟೇಷನ್ ವಿಠ್ಠಲವಾಡಿ, ಅದರ ಮುಂದಿನದು ಉಲ್ಹಾಸನಗರ. ಕಿಟಕಿ ಪಕ್ಕ ಜಾಗ ಸಿಕ್ಕಿದ್ರೆ ಹೊರಗೆ ನೋಡಿ. ಹಳಿ ಪಕ್ಕದ ಕಂಬಗಳು ಸರ್ರಂತ ಹಿಂದೆ ಹೋಗ್ತವೆ. ಅದರಾಚೆಯ ಕಟ್ಟಡಗಳು ನಿಧಾನಕ್ಕೆ ಜರುಗುತ್ತವೆ. ದೂರದ ಮಲಂಗಗಡದ ಬೆಟ್ಟ ಮಾತ್ರ ಕೂತಲ್ಲೇ ಕೂತ ಹಾಗೆ ಕಾಣುತ್ತೆ. ಆಟಗಳಲ್ಲಿ ಸೈಡ್ ಸ್ಕ್ರೋಲಿಂಗ್ ಅನ್ನೋದು ಇದೇ. ಆಟಗಾರ ಬಲಕ್ಕೆ ಓಡಿದಂತೆ ಅವನ ಲೋಕ ಎಡಕ್ಕೆ ಸರಿಯುತ್ತೆ. ಹತ್ತಿರದ್ದನ್ನು ಬೇಗ, ದೂರದ್ದನ್ನು ನಿಧಾನವಾಗಿ ಪದರ ಪದರವಾಗಿ ಸರಿಸುವ ಉಪಾಯವನ್ನು 1982ರ 'ಮೂನ್ ಪಟ್ರೋಲ್' ಅನ್ನೋ ಜಪಾನಿನ ಆಟದಲ್ಲೇ ನೋಡಬಹುದು.

ಕಿಟಕಿಯಿಂದ ನೋಡೋದಕ್ಕೆ ಇಷ್ಟು ಸಲೀಸಾದದ್ದನ್ನು ಹಳೆಯ ಕಂಪ್ಯೂಟರ್‌ನ ಪರದೆ ಮೇಲೆ ಮಾಡೋದು ಮಾತ್ರ ಭಾರೀ ಕಷ್ಟದ ಕೆಲಸ. ಆ ಕಷ್ಟವನ್ನು ಗೆದ್ದ ಕಥೆಯಲ್ಲಿ, ಅದು ನಮ್ಮ ಮನೆಗಳಿಗೆ ಬಂದ ಕಥೆಯಲ್ಲಿ, ಎರಡರಲ್ಲೂ ಒಂದು ಪದ ಮತ್ತೆ ಮತ್ತೆ ಬರುತ್ತೆ: ನಕಲು.

ನಕಲು ಅಂದ್ರೆ ಉಲ್ಹಾಸನಗರದ ಹಳೇ ಜೋಕು ನಿಮಗೆ ಗೊತ್ತಿರಬಹುದು. ಅಲ್ಲಿ ತಯಾರಾದ ವಸ್ತುವಿನ ಮೇಲೆ 'ಮೇಡ್ ಇನ್ ಯುಎಸ್ಎ' ಅಂತ ಇರುತ್ತೆ, ಕೇಳಿದ್ರೆ ಯುಎಸ್ಎ ಅಂದ್ರೆ ಉಲ್ಹಾಸನಗರ ಸಿಂಧಿ ಅಸೋಸಿಯೇಷನ್ ಅಂತಾರೆ. ನಗೋದಕ್ಕೆ ಮೊದಲು ಹಿನ್ನೆಲೆ ಗೊತ್ತಿರಬೇಕು. ಎರಡನೇ ಮಹಾಯುದ್ಧದ ಕಾಲದ ಮಿಲಿಟರಿ ಕ್ಯಾಂಪಿಗೆ, ದೇಶವಿಭಜನೆಯಾದ ಮೇಲೆ ಸಿಂಧಿ ನಿರಾಶ್ರಿತರು ಬಂದಿಳಿದರು. 1949ರಲ್ಲಿ ಅದಕ್ಕೆ ಉಲ್ಹಾಸನಗರ ಅಂತ ಹೆಸರಾಯ್ತು. ಮನೆಮಠ ಬಿಟ್ಟು ಬಂದ ಜನ ಬೇರೆಯವರ ಸಾಮಾನನ್ನು ಬಿಚ್ಚಿ ನೋಡಿ, ಹಾಗೇ ಮಾಡೋದನ್ನು ಕಲಿತು ಹೊಟ್ಟೆ ಹೊರೆದರು. ನಕಲು ಅಲ್ಲಿ ಮೋಸವೂ ಆಗಿತ್ತು, ವಿದ್ಯೆಯೂ ಆಗಿತ್ತು. ಈ ಎರಡು ಮುಖಗಳನ್ನು ನೆನಪಿಟ್ಕೊಳ್ಳಿ. ನಮ್ಮ ಆಟಗಳ ಇತಿಹಾಸಕ್ಕೂ ಅದೇ ಎರಡು ಮುಖ.

ಈಗ ಲೆಕ್ಕಕ್ಕೆ ಬರೋಣ. 1982ರ ಏಪ್ರಿಲ್‌ನಲ್ಲಿ ಬ್ರಿಟನ್ನಿನಲ್ಲಿ ಸಿಂಕ್ಲೇರ್ ಕಂಪನಿಯ ಝಡ್‌ಎಕ್ಸ್ ಸ್ಪೆಕ್ಟ್ರಮ್ ಬಂತು. ರಬ್ಬರ್ ಕೀಗಳ ಪುಟ್ಟ ಯಂತ್ರ, ಟೀವಿಗೆ ಜೋಡಿಸಬೇಕು, ಆಟವನ್ನು ಟೇಪ್ ರೆಕಾರ್ಡರ್‌ನಿಂದ ತುಂಬಿಸಬೇಕು. ಅದರ ಚಿತ್ರಕ್ಕೆ ಬೇಕಾದ ಮೆಮೊರಿ 6,144 ಬೈಟು, ಬಣ್ಣಕ್ಕೆ ಇನ್ನೂ 768. ಚಿತ್ರ ಪಕ್ಕಕ್ಕೆ ಸರಿಯಬೇಕಾದ್ರೆ ಆ 6,144 ಬೈಟುಗಳನ್ನೂ ಎತ್ತಿ ಪಕ್ಕದಲ್ಲಿಡಬೇಕು. ಅದರ ಝಡ್80 ಪ್ರೊಸೆಸರ್‌ನಲ್ಲಿ ಇದಕ್ಕೆಂದೇ ಇರುವ ಆದೇಶ ಒಂದು ಬೈಟಿಗೆ 21 ಟಿಕ್ ತಗೊಳ್ಳುತ್ತೆ. ಗುಣಿಸಿ: 1,29,024 ಟಿಕ್. ಟೀವಿ ಸೆಕೆಂಡಿಗೆ 50 ಸಲ ಚಿತ್ರ ಬರೆಯುತ್ತೆ. ಒಂದು ಸಲಕ್ಕೂ ಇನ್ನೊಂದಕ್ಕೂ ನಡುವೆ ಪ್ರೊಸೆಸರ್‌ಗೆ ಸಿಗೋದು 69,888 ಟಿಕ್ ಅಷ್ಟೇ. ಅಂದ್ರೆ ಬರೀ ಹಿನ್ನೆಲೆ ಸರಿಸೋದಕ್ಕೇ ಹೆಚ್ಚುಕಮ್ಮಿ ಎರಡು ಚಿತ್ರದ ಸಮಯ ಮುಗಿದುಹೋಯ್ತು. ನಾಯಕ ಹಾರೋದು ಯಾವಾಗ, ಶತ್ರು ಬರೋದು ಯಾವಾಗ, ಸದ್ದು ಮಾಡೋದು ಯಾವಾಗ? ಜಾಣರು ಇದಕ್ಕಿಂತ ಬೇಗ ಸರಿಸೋ ದಾರಿಗಳನ್ನು ಹುಡುಕಿದರು, ನಿಜ. ಆದರೂ ಸಮಯ ಯಾವತ್ತೂ ಬಿಗಿಯೇ.

ಅದಕ್ಕೇ ಆ ಕಾಲದ ದೊಡ್ಡ ಪ್ಲಾಟ್‌ಫಾರ್ಮ್ ಆಟಗಳು ಸ್ಕ್ರೋಲ್ ಆಗ್ತಾನೇ ಇರಲಿಲ್ಲ. 1983ರಲ್ಲಿ ಮ್ಯಾಥ್ಯೂ ಸ್ಮಿತ್ ಬರೆದ 'ಮ್ಯಾನಿಕ್ ಮೈನರ್'ನಲ್ಲಿ 20 ಗುಹೆ, ಒಂದೊಂದೂ ಒಂದೊಂದು ಪರದೆ. ಮರುವರ್ಷದ 'ಜೆಟ್ ಸೆಟ್ ವಿಲ್ಲಿ'ಯಲ್ಲಿ 60ರಷ್ಟು ಕೋಣೆ. ಬಾಗಿಲು ದಾಟಿದ್ರೆ ಪಟ್ ಅಂತ ಮುಂದಿನ ಕೋಣೆ. ಮಿತಿಯನ್ನೇ ಮನೆ ಮಾಡಿಕೊಂಡ ಬುದ್ಧಿವಂತಿಕೆ ಅದು. ಟೇಪಿನ ಆಟವನ್ನು ಎರಡು ಕ್ಯಾಸೆಟ್ ಹಿಡಿಯೋ ಯಾವ ಟೇಪ್ ರೆಕಾರ್ಡರ್‌ನಲ್ಲಾದ್ರೂ ನಕಲು ಮಾಡಬಹುದಿತ್ತು. ಹಾಗಾಗಿ 'ಜೆಟ್ ಸೆಟ್ ವಿಲ್ಲಿ' ಜೊತೆ ಬಣ್ಣದ ಚೌಕಗಳ ಒಂದು ಕಾರ್ಡ್ ಕೊಟ್ಟರು. ಆಟ ಶುರುವಾಗೋ ಮುಂಚೆ ಕಾರ್ಡ್ ನೋಡಿ ಬಣ್ಣಗಳ ಕೋಡ್ ಒತ್ತಬೇಕು. ಆಗ ಸಿಗ್ತಾ ಇದ್ದ ಜೆರಾಕ್ಸ್ ಕಪ್ಪು ಬಿಳುಪು ತಾನೇ! ಜನ ಕೂತು ಕೈಯಲ್ಲಿ ಬರ್ಕೊಂಡರು, ಅದು ಬೇರೆ ಮಾತು.

ಇದೇ ಹೊತ್ತಿಗೆ ಕಾಮಡೋರ್ 64 ಮತ್ತು ನಿಂಟೆಂಡೊ ಕಂಪನಿಯ ಫ್ಯಾಮಿಕಾಂ ಬೇರೆ ದಾರಿ ಹಿಡಿದಿದ್ದವು. ಚಿತ್ರವನ್ನು ಸರಿಸುವ ಕೆಲಸವನ್ನು ಪ್ರೊಸೆಸರ್ ತಲೆಗೆ ಕಟ್ಟದೆ ಚಿತ್ರದ ಚಿಪ್ಪಿಗೇ ಒಪ್ಪಿಸಿದ್ದವು. ಕಾಮಡೋರ್‌ನಲ್ಲಿ ಒಂದು ಸಣ್ಣ ಸಂಖ್ಯೆ ಬದಲಿಸಿದ್ರೆ ಇಡೀ ಪರದೆ 0ಯಿಂದ 7 ಚುಕ್ಕಿವರೆಗೆ ಜರುಗುತ್ತೆ. ಎಂಟನೇ ಚುಕ್ಕಿಗೆ ಮಾತ್ರ ಪರದೆಯ 1,000 ಅಕ್ಷರಮನೆಗಳನ್ನು ಸರಿಸಿದ್ರೆ ಸಾಕು. ಫ್ಯಾಮಿಕಾಂ ಇದನ್ನು ಇನ್ನೂ ಸಲೀಸಾಗಿ ಮಾಡುತ್ತಿತ್ತು. 1985ರ 'ಸೂಪರ್ ಮಾರಿಯೋ ಬ್ರದರ್ಸ್' ಹುಟ್ಟಿದ್ದು ಅದರ ಮೇಲೆ. ಇಡೀ ಆಟ ಕೇವಲ 40 ಕಿಲೋಬೈಟು. ಇವತ್ತು ನೀವು ವಾಟ್ಸಾಪಿನಲ್ಲಿ ಕಳಿಸೋ ಒಂದು ಗುಡ್ ಮಾರ್ನಿಂಗ್ ಚಿತ್ರ ಅದಕ್ಕಿಂತ ದೊಡ್ಡದಿರುತ್ತೆ. ಜಾಗ ಉಳಿಸೋದಕ್ಕೆ ಮೋಡದ ಚಿತ್ರಕ್ಕೇ ಹಸಿರು ಬಳಿದು ಪೊದೆ ಮಾಡಿದ್ದಾರೆ. ಮುಂದಿನ ಸಲ ಆಡುವಾಗ ಗಮನಿಸಿ.

ಮಾರಿಯೋ ಗೆದ್ದ ಮೇಲೆ ನಕಲು ಬರದೇ ಇರುತ್ತಾ? 1987ರಲ್ಲಿ ಜರ್ಮನಿಯಿಂದ 'ದ ಗ್ರೇಟ್ ಜಿಯಾನಾ ಸಿಸ್ಟರ್ಸ್' ಬಂತು, ಕಾಮಡೋರ್ 64ಕ್ಕೆ. ಅಣ್ಣತಮ್ಮಂದಿರ ಬದಲು ಅಕ್ಕತಂಗಿಯರು. ಮೊದಲ ಹಂತವಂತೂ ಮಾರಿಯೋದ್ದೇ ಪಡಿಯಚ್ಚು. ನಿಂಟೆಂಡೊ ತಕರಾರು ತೆಗೆದ ಮೇಲೆ ಮಾರಾಟ ನಿಂತುಹೋಯ್ತು. ಆದ್ರೆ ಅದಕ್ಕೆ ಸಂಗೀತ ಕೊಟ್ಟ ಕ್ರಿಸ್ ಹ್ಯೂಲ್ಸ್‌ಬೆಕ್, ಚಿತ್ರ ಬರೆದ ಮ್ಯಾನ್‌ಫ್ರೆಡ್ ಟ್ರೆನ್ಜ್ ಇಬ್ಬರೂ ಮುಂದೆ 'ಟರಿಕನ್'ನಂಥ ಸ್ವಂತ ಕೃತಿಗಳಿಂದ ಹೆಸರು ಮಾಡಿದರು.

ಸರಿ, ಇದೆಲ್ಲ ಹೊರಗಿನ ಕಥೆ ಆಯ್ತು. ನಮ್ಮಲ್ಲಿಗೆ ಹೇಗೆ ಬಂತು?

1984–85ರಲ್ಲಿ ಕೇಂದ್ರ ಸರ್ಕಾರ 'ಕ್ಲಾಸ್' ಅನ್ನೋ ಯೋಜನೆಯಲ್ಲಿ ಮೊದಲಿಗೆ 250 ಶಾಲೆಗಳಿಗೆ ಬ್ರಿಟನ್ನಿನ ಬಿಬಿಸಿ ಮೈಕ್ರೋ ಕಂಪ್ಯೂಟರ್ ಕೊಡಲು ಹೊರಟಿತು. ಅದೇ ದಶಕದಲ್ಲಿ ಡೆಸಿಬೆಲ್ಸ್ ಎಲೆಕ್ಟ್ರಾನಿಕ್ಸ್ ಪರವಾನಗಿ ಪಡೆದು ಸ್ಪೆಕ್ಟ್ರಮ್ ಪ್ಲಸ್ ಅನ್ನು ಭಾರತದಲ್ಲಿ ಮಾರಿತು. ಆದ್ರೆ ಮನೆಗೊಂದು ಕಂಪ್ಯೂಟರ್ ಅನ್ನೋ ಕಾಲ ಆಗ ನಮ್ಮಲ್ಲಿ ಬರಲೇ ಇಲ್ಲ. ಬ್ರಿಟನ್ನಿನ ಹುಡುಗರು ಸ್ಪೆಕ್ಟ್ರಮ್ ಮುಂದೆ ಕೂತು ಪ್ರೋಗ್ರಾಂ ಬರೆಯೋದನ್ನು ಕಲಿತ ಆ ಹತ್ತು ವರ್ಷ ನಮ್ಮ ಹೆಚ್ಚಿನ ಮನೆಗಳಿಗೆ ಖಾಲಿಯಾಗೇ ಹೋಯ್ತು.

90ರ ದಶಕದಲ್ಲಿ ಬಂದದ್ದು ಟೀವಿ ಗೇಮ್. ಸಮುರಾಯ್, ಮೀಡಿಯಾ, ಇನ್ನೂ ಎಷ್ಟೋ ಹೆಸರು. ಒಳಗಿರೋದು ಮಾತ್ರ ಫ್ಯಾಮಿಕಾಂ ಮಾದರಿಯದ್ದೇ. ಅದರ ಕಾರ್ಟ್ರಿಡ್ಜ್‌ಗೆ ನಾವು ಕರೀತಾ ಇದ್ದದ್ದು 'ಕ್ಯಾಸೆಟ್' ಅಂತ. ಮೇಲೆ ನೋಡಿದ್ರೆ 9,999 ಆಟ, ಒಳಗೆ ಹೋದ್ರೆ ಅದೇ ಏಳೆಂಟು ಆಟ ಹೊಸ ಹೊಸ ಹೆಸರಲ್ಲಿ. ಮುಂಬೈಯಲ್ಲಿ ಲ್ಯಾಮಿಂಗ್ಟನ್ ರಸ್ತೆ, ಬೆಂಗಳೂರಿನಲ್ಲಿ ಎಸ್‌ಪಿ ರಸ್ತೆ, ನ್ಯಾಷನಲ್ ಮಾರ್ಕೆಟ್ ಅಂದ್ರೆ ಈ ಪೀಳಿಗೆಗೆ ಈಗಲೂ ಕಿವಿ ನೆಟ್ಟಗಾಗುತ್ತೆ.

ಆಮೇಲೆ ಬಂದದ್ದು ಕಂಪ್ಯೂಟರ್ ಕ್ಲಾಸು, ಅದರ ಜೊತೆ ಫ್ಲಾಪಿ. ಫ್ಲಾಪಿಯಲ್ಲಿ ಯಾವ ಆಟ? 'ಡೇಂಜರಸ್ ಡೇವ್'. ಕೆಂಪು ಟೋಪಿಯ ಹುಡುಗ, ಹತ್ತು ಹಂತ, ಬಟ್ಟಲು ಎತ್ಕೊಂಡ್ರೆ ಬಾಗಿಲು ತೆಗೆಯುತ್ತೆ. ಇದನ್ನು ಆಡಿದ ಲಕ್ಷಾಂತರ ಜನರಲ್ಲಿ ಮಾಡಿದ್ದು ಯಾರು ಅಂತ ಗೊತ್ತಿರೋರು ಎಷ್ಟು ಜನ? ಅಮೆರಿಕದ ಜಾನ್ ರೊಮೆರೊ. 1988ರಲ್ಲಿ ಆಪಲ್ 2ಕ್ಕೆ ಬರೆದು, 1990ರಲ್ಲಿ ಡಾಸ್‌ಗೆ ತಂದರು. ಮುಂದೆ 'ಡೂಮ್' ಮಾಡಿದವರಲ್ಲಿ ಇವರೂ ಒಬ್ಬರು.

ಡೇವ್ ಆಡಿದವರು ಒಂದು ವಿಷಯ ನೆನಪಿಸ್ಕೊಳ್ಳಿ. ಅವನು ಪರದೆಯ ಅಂಚಿಗೆ ಬಂದಾಗ ಆಟ ಒಂದು ಗಳಿಗೆ ನಿಂತು, ಹಿನ್ನೆಲೆ ಜರುಗಿ, ಮತ್ತೆ ಶುರುವಾಗ್ತಿತ್ತು ಅಲ್ವಾ? ಅದು ನಿಮ್ಮ ಫ್ಲಾಪಿಯ ದೋಷ ಅಲ್ಲ. ಆಗಿನ ಪಿಸಿಗೆ ಮಾರಿಯೋ ಥರ ನುಣ್ಣಗೆ ಸ್ಕ್ರೋಲ್ ಮಾಡೋದು ಆಗಲ್ಲ ಅಂತಲೇ ಎಲ್ಲರೂ ನಂಬಿದ್ದರು. 320 ಅಡ್ಡ, 200 ಉದ್ದ, 16 ಬಣ್ಣದ ಪರದೆ ಅಂದ್ರೆ 32,000 ಬೈಟು. ನಾವು ಲೆಕ್ಕ ಹಾಕಿದ ಸ್ಪೆಕ್ಟ್ರಮ್ ಪರದೆಯ ಐದು ಪಾಲು!

1990ರ ಸೆಪ್ಟೆಂಬರ್‌ನಲ್ಲಿ ರೊಮೆರೊ ಅವರ ಸಹೋದ್ಯೋಗಿ ಜಾನ್ ಕಾರ್ಮ್ಯಾಕ್ ಇದಕ್ಕೆ ಉಪಾಯ ಕಂಡರು. ಪರದೆಯನ್ನು ಚೌಕಗಳ ಜೋಡಣೆ ಅಂದ್ಕೊಳ್ಳಿ. ನೀಲಿ ಆಕಾಶದ ಚೌಕ ಪಕ್ಕಕ್ಕೆ ಸರಿದ್ರೆ ಅದರ ಜಾಗಕ್ಕೆ ಬರೋದೂ ನೀಲಿ ಚೌಕವೇ. ಅದನ್ನು ಮತ್ತೆ ಯಾಕೆ ಬರೀಬೇಕು? ಬದಲಾದ ಚೌಕಗಳನ್ನಷ್ಟೇ ಬರೆದು, ಉಳಿದ ಸಣ್ಣ ಜರುಗುವಿಕೆಯನ್ನು ವಿಡಿಯೋ ಕಾರ್ಡಿಗೆ ಬಿಟ್ಟರು. ಇದನ್ನು ತೋರಿಸೋದಕ್ಕೆ ಅವರೂ ಟಾಮ್ ಹಾಲ್ ಅನ್ನೋರೂ ರಾತ್ರಿಯೆಲ್ಲ ಕೂತು 'ಸೂಪರ್ ಮಾರಿಯೋ ಬ್ರದರ್ಸ್ 3'ರ ಮೊದಲ ಹಂತವನ್ನು ಪಿಸಿಯಲ್ಲಿ ನಕಲು ಮಾಡಿದರು. ಮಾರಿಯೋ ಜಾಗದಲ್ಲಿ ನಿಲ್ಲಿಸಿದ್ದು ಡೇವ್‌ನನ್ನು. ಅದಕ್ಕಿಟ್ಟ ಹೆಸರು ಕೇಳಿ: 'ಡೇಂಜರಸ್ ಡೇವ್ ಇನ್ ಕಾಪಿರೈಟ್ ಇನ್‌ಫ್ರಿಂಜ್‌ಮೆಂಟ್'. ಕದ್ದದ್ದು ಅಂತ ಹೆಸರಲ್ಲೇ ಒಪ್ಪಿಗೆ! ಆಮೇಲೆ ಮಾರಿಯೋ 3ನ್ನು ಪಿಸಿಗೆ ತರ್ತೀವಿ ಅಂತ ನಿಂಟೆಂಡೊ ಮುಂದೆ ಹೋದರು, ಅವರು ಬೇಡ ಅಂದರು. ಆಗ ಅದೇ ತಂತ್ರದಿಂದ ಸ್ವಂತದ ಆಟ ಮಾಡಿದರು. 1990ರ ಡಿಸೆಂಬರ್ 14ಕ್ಕೆ 'ಕಮಾಂಡರ್ ಕೀನ್' ಬಂತು. ಅದರ ಬೆನ್ನಿಗೆ, 1991ರಲ್ಲಿ, ಐಡಿ ಸಾಫ್ಟ್‌ವೇರ್ ಕಂಪನಿ.

'ಕೀನ್' ಮಾರಿದ ರೀತಿಯೂ ಗಮನಿಸಬೇಕು. ಮೊದಲ ಭಾಗ ಪುಕ್ಕಟೆ, ಎಷ್ಟು ಬೇಕಾದ್ರೂ ನಕಲು ಮಾಡಿ ಹಂಚಿ, ಇಷ್ಟವಾದ್ರೆ ದುಡ್ಡು ಕಳಿಸಿ ಉಳಿದದ್ದನ್ನು ತರಿಸಿಕೊಳ್ಳಿ. ಶೇರ್‌ವೇರ್ ಅಂದ್ರೆ ಇದು. ನಮ್ಮಲ್ಲಿ ಆಗ ವಿದೇಶಿ ವಿನಿಮಯದ ಫೆರಾ ಕಾನೂನು ಜಾರಿಯಲ್ಲಿತ್ತು. ಆಟಕ್ಕೋಸ್ಕರ ಅಮೆರಿಕಕ್ಕೆ ಡಾಲರ್ ಕಳಿಸೋದು ಸಾಮಾನ್ಯ ಮನೆಯವರ ಕೈಲಿ ಆಗೋ ಮಾತಾ? ಹಾಗಾಗಿ ಹಂಚಿ ಅಂದ ಅರ್ಧ ಮಾತನ್ನು ನಾವು ನಿಷ್ಠೆಯಿಂದ ಪಾಲಿಸಿದೆವು, ದುಡ್ಡಿನ ಅರ್ಧ ಅಲ್ಲೇ ಉಳೀತು. ಕಂಪ್ಯೂಟರ್ ಪ್ರೋಗ್ರಾಂಗಳು 1984ರ ತಿದ್ದುಪಡಿಯಿಂದಲೇ ನಮ್ಮ ಕಾಪಿರೈಟ್ ಕಾಯ್ದೆಯೊಳಗೆ ಬಂದಿದ್ದವು. ಕಾನೂನು ಪುಸ್ತಕದಲ್ಲಿತ್ತು, ಫ್ಲಾಪಿ ಜೇಬಿನಲ್ಲಿತ್ತು.

ಹಾಗಾದ್ರೆ ನಕಲು ತಪ್ಪಾ, ಸರಿಯಾ? ನಾನು ನೋಡೋದು ಹೀಗೆ. ಕಾರ್ಮ್ಯಾಕ್ ನಕಲು ಮಾಡಿದ್ದು ಬಿಚ್ಚಿ ನೋಡೋದಕ್ಕೆ, ಹೊಸದಕ್ಕೆ ದಾರಿ ಮಾಡೋದಕ್ಕೆ. ಅವರ ಕೈಯಲ್ಲಿ ಪ್ರೋಗ್ರಾಂ ಬರೆಯಲು ಬೇಕಾದ ಯಂತ್ರ, ಪುಸ್ತಕ, ಸಮಯ ಇತ್ತು. ನಮ್ಮ ಹುಡುಗರಿಗೆ ಸಿಕ್ಕಿದ್ದು ಆಡೋದಕ್ಕೆ ಮಾತ್ರ ಬರೋ ಪೆಟ್ಟಿಗೆ, ಇಲ್ಲವೇ ವಾರಕ್ಕೆ ಒಂದು ಗಂಟೆ ಕಂಪ್ಯೂಟರ್. ಅದೇ ನಕಲು ಅಲ್ಲಿ ವಿದ್ಯೆಯಾಯ್ತು, ಇಲ್ಲಿ ಬರೀ ಸರಕಾಯ್ತು. ಪ್ರತಿಭೆ ಕಮ್ಮಿ ಇತ್ತು ಅಂತಲ್ಲ, ಯಂತ್ರದ ಮುಂದೆ ಕೂರೋ ಹೊತ್ತು ಕಮ್ಮಿ ಇತ್ತು. ಉಲ್ಹಾಸನಗರದವರಿಗೆ ಬಿಚ್ಚಿ ನೋಡೋದಕ್ಕೆ ಸಾಮಾನು ಸಿಕ್ಕಿತ್ತು, ನಮಗೆ ಕೀಬೋರ್ಡೇ ಸಿಗಲಿಲ್ಲ.

ಇನ್ನೊಂದು ನಷ್ಟ ಹೆಸರಿನದು. ಕೈಯಿಂದ ಕೈಗೆ ದಾಟುವಾಗ ಮಾಡಿದವರ ಹೆಸರು ಅಳಿಸಿಹೋಯ್ತು. ಇಲ್ಲಿಗೆ ಮುಟ್ಟಿಸಿದವರ ಹೆಸರೂ ಅಷ್ಟೇ. ಕ್ಯಾಸೆಟ್ ಬಾಡಿಗೆ ಕೊಟ್ಟವರು, ಕ್ಲಾಸಿನಲ್ಲಿ ಕದ್ದುಮುಚ್ಚಿ ಕಾಪಿ ಮಾಡಿಕೊಟ್ಟ ಸೀನಿಯರ್‌ಗಳು, ಯಾರೂ ದಾಖಲೆಯಲ್ಲಿಲ್ಲ. ಆದ್ರೆ ಕಾರ್ಮ್ಯಾಕ್ ಬಳಗ ಮಾಡಿದ ಆ ಮಾರಿಯೋ 3 ನಕಲಿನ ಒಂದು ಫ್ಲಾಪಿ ಇವತ್ತು ಅಮೆರಿಕದ ರಾಚೆಸ್ಟರ್ ನಗರದ ಸ್ಟ್ರಾಂಗ್ ಆಟ ಮ್ಯೂಸಿಯಂನಲ್ಲಿದೆ. ಅವರ ನಕಲು ಮ್ಯೂಸಿಯಂ ಸೇರಿತು, ನಮ್ಮದು ಗುಜರಿ ಸೇರ್ತಾ ಇದೆ.

ಅದಕ್ಕೆ ಒಂದು ಕೇಳಿಕೆ. ಅಟ್ಟದ ಮೇಲೆ ಫ್ಲಾಪಿ, ಟೇಪು, ಹಳೆಯ ಟೀವಿ ಗೇಮ್ ಇದ್ರೆ ಈ ದೀಪಾವಳಿ ಕ್ಲೀನಿಂಗಲ್ಲಿ ಎಸೀಬೇಡಿ. ಠಾಣೆ, ಮಂಗಳೂರು ಕಡೆಯ ಮಳೆಗಾಲಕ್ಕೆ ಫ್ಲಾಪಿಗೆ ಬೂಷ್ಟು ಹಿಡಿಯುತ್ತೆ. ಹಾಗೆ ಹಿಡಿದದ್ದನ್ನು ಸೀದಾ ಡ್ರೈವಿಗೆ ಹಾಕ್ಬೇಡಿ, ಡಿಸ್ಕೂ ಗೀರಾಗುತ್ತೆ, ಡ್ರೈವಿನ ಹೆಡ್ಡೂ ಕೆಡುತ್ತೆ. ಸ್ಪೆಕ್ಟ್ರಮ್ ಟೇಪಾದ್ರೆ ಸುಲಭ: ಒಳ್ಳೇ ಪ್ಲೇಯರ್‌ನಲ್ಲಿ ಹಾಕಿ ಆ ಕೀಚಲು ಸದ್ದನ್ನು ಕಂಪ್ಯೂಟರ್‌ಗೆ ರೆಕಾರ್ಡ್ ಮಾಡ್ಕೊಂಡ್ರೆ ಆಟ ಅದರೊಳಗೇ ಇರುತ್ತೆ. ಅದಕ್ಕಿಂತ ಮುಖ್ಯ, ಒಂದು ಚೀಟಿ ಬರೆದು ಜೊತೆಗಿಡಿ. ಯಾವ ಊರಲ್ಲಿ, ಯಾವ ವರ್ಷ, ಯಾವ ರಸ್ತೆಯ ಅಂಗಡಿಯಲ್ಲಿ, ಎಷ್ಟು ರೂಪಾಯಿಗೆ ಸಿಕ್ತು ಅಂತ. ಆಟದ ಪ್ರತಿ ಇಂಟರ್ನೆಟ್ಟಿನಲ್ಲಿ ಎಲ್ಲಾದ್ರೂ ಸಿಗುತ್ತೆ. ಆ ಚೀಟಿಯಲ್ಲಿರೋದು ನಿಮ್ಮ ಹತ್ರ ಬಿಟ್ಟು ಬೇರೆಲ್ಲೂ ಸಿಗೋದಿಲ್ಲ.

ನಿಮ್ಮ ಮನೆಗೆ ಮೊದಲು ಬಂದದ್ದು ಮಾರಿಯೋನಾ, ಡೇವಾ? ಕೆಳಗೆ ಬರೀರಿ, ಊರು ಮತ್ತು ವರ್ಷದ ಸಮೇತ. ಮುಂದಿನ ಮಾತಿನಲ್ಲಿ ಸಿಗೋಣ.