ಟ್ಯಾಗ್ ಹೊರಬಲ್ಲ ಮೀನಿನ ಲೆಕ್ಕ

ಅಮೆರಿಕದ ವಾಯವ್ಯ ಭಾಗದ ಸ್ನೇಕ್ ನದಿಯ ಮೇಲ್ಭಾಗದಲ್ಲಿ ಹುಟ್ಟಿದ ಸಾಲ್ಮನ್ ಮರಿ ಕೊಲಂಬಿಯಾಕ್ಕಿಳಿದು ಪೆಸಿಫಿಕ್ ಸೇರುವಷ್ಟರಲ್ಲಿ ಎಂಟು ದೊಡ್ಡ ಅಣೆಕಟ್ಟುಗಳನ್ನು ದಾಟಬೇಕು. ದಾರಿಯಲ್ಲಿ ಎಷ್ಟು ಸಾಯುತ್ತವೆ, ಎಲ್ಲಿ ಸಾಯುತ್ತವೆ ಎಂಬ ಪ್ರಶ್ನೆಗೆ ವಿದ್ಯುತ್ತು, ಹಡಗು ಸಂಚಾರ, ಮೂಲನಿವಾಸಿಗಳ ಮೀನುಗಾರಿಕೆಯ ಹಕ್ಕು ಎಲ್ಲವೂ ತಳುಕು ಹಾಕಿಕೊಂಡಿವೆ. ಹಾಗಾಗಿ ಮರಿಮೀನಿಗೆ ಗುರುತು ಹಾಕುವ ವಿದ್ಯೆ ಇಲ್ಲಿ ಭರದಿಂದ ಬೆಳೆಯಿತು. ಮೊದಲು ರೆಕ್ಕೆ ಕತ್ತರಿಸುತ್ತಿದ್ದರು, ಚರ್ಮಕ್ಕೆ ಶೀತದ ಮುದ್ರೆ ಒತ್ತುತ್ತಿದ್ದರು. 1980ರ ದಶಕದಲ್ಲಿ ಬಂದ ಪಿಟ್ ಟ್ಯಾಗ್‌ಗೆ ಬ್ಯಾಟರಿಯೇ ಬೇಡ. ಮೀನು ಬದುಕಿರುವವರೆಗೂ ಅದರ ಸಂಖ್ಯೆ ಓದಬಹುದು. ಆದರೆ ಮೀನು ಆಂಟೆನಾದ ತೀರ ಹತ್ತಿರ ಹಾಯಬೇಕು. ರೇಡಿಯೊ ಟ್ಯಾಗ್ ದೂರಕ್ಕೆ ಕೇಳಿಸೀತು, ಉಪ್ಪುನೀರಿನಲ್ಲಿ ಮಾತ್ರ ಸತ್ತಂತೆ. ಸಿಹಿನೀರು, ಉಪ್ಪುನೀರು ಎರಡರಲ್ಲೂ ಸಾಗುವುದು ಶಬ್ದವೇ. ಶಬ್ದ ಹೊರಡಿಸುವ ಟ್ಯಾಗ್ ಕಟ್ಟಿ ಸಾಲ್ಮನ್ನಿನ ಬೆನ್ನುಹತ್ತುವ ಪ್ರಯೋಗದ ವರದಿ 1956ರಲ್ಲೇ ಬಂದಿತ್ತು. ಅದು ನಡೆದದ್ದು ಮೈತುಂಬಿದ ದೊಡ್ಡ ಮೀನುಗಳ ಮೇಲೆ. ಬೆರಳುದ್ದದ ಮರಿಗೆ ಅದೇ ಸೌಲಭ್ಯ ಸಿಗಲು ಸುಮಾರು ಅರ್ಧ ಶತಮಾನ ಹಿಡಿಯಿತು. ಈ ಚರಿತ್ರೆಯನ್ನು ಟ್ಯಾಗ್ ಚಿಕ್ಕದಾಗುತ್ತ ಹೋದ ಜಾಣ್ಮೆಯ ಕಥೆಯಾಗಿ ಹೇಳುವುದು ರೂಢಿ. ನನಗೆ ಅದು ಅರ್ಧ ಕಥೆ ಮಾತ್ರ. ಟ್ಯಾಗ್ ಕುಗ್ಗಿದಾಗಲೆಲ್ಲ ಲೆಕ್ಕದೊಳಗೆ ಬರುವ ಮೀನುಗಳೇ ಬದಲಾದವು. ಯಾವ ಅಳತೆಯ ಮೀನಿನ ಲೆಕ್ಕ ಎಂದು ಕೇಳದೆ ಬದುಕುಳಿದವುಗಳ ಶೇಕಡಾವಾರು ಓದುವುದು ದಾರಿ ತಪ್ಪಿಸುತ್ತದೆ.

2001ರಲ್ಲಿ ಅಮೆರಿಕದ ಸೇನಾ ಎಂಜಿನಿಯರುಗಳ ದಳ, ಕೇಂದ್ರ ಸರ್ಕಾರದ ಮೀನುಗಾರಿಕೆ ಸಂಸ್ಥೆ, ಪೆಸಿಫಿಕ್ ನಾರ್ತ್‌ವೆಸ್ಟ್ ರಾಷ್ಟ್ರೀಯ ಪ್ರಯೋಗಾಲಯ ಸೇರಿ ಜೆಸ್ಯಾಟ್ಸ್ ಎಂಬ ವ್ಯವಸ್ಥೆಗೆ ಕೈಹಾಕಿದವು. ಅದರ ಟ್ಯಾಗ್ 416.7 ಕಿಲೋಹರ್ಟ್ಸ್‌ನಲ್ಲಿ, ಮನುಷ್ಯನ ಕಿವಿಗೆ ನಿಲುಕದ ಮೇಲ್ಶ್ರುತಿಯಲ್ಲಿ, ಕೆಲವು ಸೆಕೆಂಡುಗಳಿಗೊಮ್ಮೆ ತನ್ನ ಸಂಖ್ಯೆಯನ್ನು ಮಿಡಿಯುತ್ತದೆ. ಆವೃತ್ತಿ ಹೆಚ್ಚಿದಷ್ಟೂ ಮಿಡಿಯುವ ಬಿಲ್ಲೆ ಚಿಕ್ಕದಾಗಬಹುದು, ಆದರೆ ಶಬ್ದ ನೀರಿನಲ್ಲಿ ಬೇಗ ಅಡಗುತ್ತದೆ. ಅದಕ್ಕೇ ನದಿಗೆ ಅಡ್ಡಲಾಗಿ ನೀರೊಳಗಿನ ಶಬ್ದ ಹಿಡಿಯುವ ಹೈಡ್ರೋಫೋನುಗಳ ಸಾಲು, ಅಣೆಕಟ್ಟಿನ ಮುಖದ ಉದ್ದಕ್ಕೂ ಇನ್ನಷ್ಟು. ನೀರಿನಲ್ಲಿ ಶಬ್ದ ಸೆಕೆಂಡಿಗೆ ಸುಮಾರು ಒಂದೂವರೆ ಕಿಲೋಮೀಟರ್ ಓಡುತ್ತದೆ. ಒಂದೇ ಮಿಡಿತ ಒಂದು ಹೈಡ್ರೋಫೋನಿಗಿಂತ ಇನ್ನೊಂದಕ್ಕೆ ಸೆಕೆಂಡಿನ ಸಾವಿರದ ಒಂದು ಭಾಗ ತಡವಾಗಿ ತಲುಪಿತೆಂದರೆ ಮೀನು ಮೊದಲನೆಯದಕ್ಕಿಂತ ಎರಡನೆಯದರಿಂದ ಒಂದೂವರೆ ಮೀಟರ್ ಹೆಚ್ಚು ದೂರದಲ್ಲಿದೆ. ನಾಲ್ಕು ಹೈಡ್ರೋಫೋನುಗಳ ಸಮಯ ಸಿಕ್ಕರೆ ಆಳವೂ ಸೇರಿದಂತೆ ಮೀನಿನ ಜಾಗ ಗೊತ್ತಾಗುತ್ತದೆ. ಗೋಡೆಯೆದುರು ಮರಿ ಎಷ್ಟು ಹೊತ್ತು ಅತ್ತಿತ್ತ ಅಲೆಯಿತು, ಕೋಡಿಯಲ್ಲಿ ಹಾರಿತೋ ಟರ್ಬೈನಿಗೆ ಇಳಿಯಿತೋ ಎಂಬುದು ಒಂದೊಂದು ಮೀನಿನ ಮಟ್ಟದಲ್ಲಿ ತಿಳಿಯತೊಡಗಿದ್ದು ಹೀಗೆ.

2008ರ ಕೇಂದ್ರ ಸರ್ಕಾರದ ನಿರ್ಣಯವು ಪ್ರತಿ ಅಣೆಕಟ್ಟಿಗೂ ಗುರಿ ಕಟ್ಟಿತು: ವಸಂತದಲ್ಲಿ ಇಳಿಯುವ ಮರಿಗಳಲ್ಲಿ ಶೇ. 96, ಬೇಸಿಗೆಯವುಗಳಲ್ಲಿ ಶೇ. 93 ಬದುಕಿ ದಾಟಬೇಕು. ಈ ಗುರಿಯನ್ನು ಟ್ಯಾಗಿನಿಂದ ಅಳೆಯುವಾಗ ಹೈಡ್ರೋಫೋನಿಗೆ ಕೇಳದ ಮೀನೆಲ್ಲ ಸತ್ತ ಮೀನಲ್ಲ. ಕೇಳದೆ ಹೋದದ್ದನ್ನೂ ಸತ್ತದ್ದನ್ನೂ ಬೇರ್ಪಡಿಸುವ ಸಂಖ್ಯಾಶಾಸ್ತ್ರ 1960ರ ದಶಕದಿಂದಲೇ ಇತ್ತು. ಸತ್ತ ಮೀನು ತೇಲಿಹೋಗಿ ಬದುಕಿದವುಗಳ ಲೆಕ್ಕಕ್ಕೆ ಸೇರೀತೇ ಎಂಬ ಅನುಮಾನಕ್ಕೆ ಸಂಶೋಧಕರು ಟ್ಯಾಗ್ ಹಾಕಿದ ಸತ್ತ ಮೀನುಗಳನ್ನೇ ನದಿಗೆ ಬಿಟ್ಟು ಪರೀಕ್ಷಿಸಿದರು. ಇಷ್ಟು ಎಚ್ಚರ ಮೆಚ್ಚುವಂಥದ್ದೇ. ಆದರೂ ಶೇ. 96 ಎಂಬುದು ಎಂಟು ಸಲ ಗುಣಿಸಿದರೆ ಸುಮಾರು 72ಕ್ಕೆ ಇಳಿಯುತ್ತದೆ, 93 ಆದರೆ 56ಕ್ಕೆ. ಅಣೆಕಟ್ಟುಗಳ ನಡುವಿನ ಹಿನ್ನೀರಿನಲ್ಲಿ ಸಾಯುವವು ಈ ಲೆಕ್ಕದಲ್ಲಿ ಸೇರಿಯೇ ಇಲ್ಲ.

ಟ್ಯಾಗೇ ಮೀನನ್ನು ಕೊಲ್ಲುವುದಿಲ್ಲವೇ ಎಂಬ ಆಕ್ಷೇಪ ಹಳೆಯದು, ನ್ಯಾಯವಾದದ್ದೂ ಹೌದು. ಟ್ಯಾಗಿನ ತೂಕ ಮೀನಿನ ತೂಕದ ಶೇ. 2 ಮೀರಬಾರದೆಂಬ ವಾಡಿಕೆ ಬಹುಕಾಲ ನಡೆಯಿತು, ಆಮೇಲೆ ಪ್ರಶ್ನೆಗೂ ಒಳಗಾಯಿತು. ಟರ್ಬೈನಿನಲ್ಲಿ ಒತ್ತಡ ತಟ್ಟನೆ ಕುಸಿದಾಗ ಗಾಳಿಚೀಲ ಉಬ್ಬುತ್ತದೆ. ಹೊಟ್ಟೆಯಲ್ಲಿ ಭಾರ ಹೊತ್ತ ಮೀನಿಗೆ ಪೆಟ್ಟು ಹೆಚ್ಚು ಎಂದು ಪ್ರಯೋಗಾಲಯದ ಪರೀಕ್ಷೆಗಳು ತೋರಿಸಿವೆ. 2010ರ ದಶಕದ ನಡುವೆ ಬಂದ 15 ಮಿಲಿಮೀಟರ್ ಉದ್ದದ, 0.2 ಗ್ರಾಂ ಆಸುಪಾಸಿನ ಟ್ಯಾಗನ್ನು ಸೂಜಿಯಿಂದ ಚುಚ್ಚಿದರೆ ಸಾಕು, ಹೊಲಿಗೆ ಬೇಡ. ಟ್ಯಾಗಿನ ಹೊರೆಯಿಂದಾಗುವ ತಪ್ಪಾದರೂ ಒಂದೇ ದಿಕ್ಕಿನದು: ಬದುಕುಳಿದವುಗಳ ಸಂಖ್ಯೆಯನ್ನು ಕಡಿಮೆ ತೋರಿಸುತ್ತದೆ. ಟ್ಯಾಗ್ ಹೊರಲಾರದ ಸಣ್ಣ ಮರಿಗಳನ್ನು ಮೊದಲೇ ಬದಿಗಿಡುವುದರಿಂದ ಆಗುವ ತಪ್ಪು ಹಾಗಲ್ಲ. ದೊಡ್ಡ ಮರಿ ಹೆಚ್ಚು ಗಟ್ಟಿಯಾಗಿದ್ದರೆ ಈ ತಪ್ಪು ಸಂಖ್ಯೆಯನ್ನು ಮೇಲಕ್ಕೆತ್ತುತ್ತದೆ, ಯಾರ ಗಮನಕ್ಕೂ ಬಾರದೆ. 2008ರಲ್ಲಿ ಪ್ಲಾಸ್ ಬಯಾಲಜಿ ಪತ್ರಿಕೆಯಲ್ಲಿ ಬಂದ ಅಧ್ಯಯನವೊಂದು, ಅಣೆಕಟ್ಟುಗಳ ಕೊಲಂಬಿಯಾದಲ್ಲೂ ಮುಖ್ಯ ಹರಿವಿಗೆ ಅಣೆಕಟ್ಟಿಲ್ಲದ ಕೆನಡಾದ ಫ್ರೇಸರ್‌ನಲ್ಲೂ ಮರಿಗಳು ಬದುಕುಳಿಯುವ ಪ್ರಮಾಣ ಸರಿಸುಮಾರು ಒಂದೇ ಎಂದಾಗ ದೊಡ್ಡ ಗದ್ದಲವೆದ್ದಿತು. ಎರಡು ನದಿಗಳಲ್ಲೂ ಶಬ್ದದ ಟ್ಯಾಗ್ ಹೊತ್ತವು ದೊಡ್ಡ ಮರಿಗಳೇ ಆದ್ದರಿಂದ ಹೋಲಿಕೆಯನ್ನು ಸಾರಾಸಗಟಾಗಿ ತಳ್ಳಿಹಾಕಲಾಗದು. ಆದರೆ ಅದರಿಂದ ಅಣೆಕಟ್ಟು ನಿರಪರಾಧಿ ಎನ್ನುವುದು ಅವಸರ. ಫ್ರೇಸರ್‌ನ ಮರಿಗಳಿಗೆ ಬೇರೆಯದೇ ಕಷ್ಟಗಳಿರಬಹುದು.

ಕ್ಯಾಲಿಫೋರ್ನಿಯಾದ ಸ್ಯಾಕ್ರಮೆಂಟೊ ನದಿ ಇನ್ನೊಂದು ತೊಡಕನ್ನು ಬಯಲಿಗೆಳೆಯಿತು. ಅಲ್ಲಿನ ಮುಖಜಭೂಮಿಯಲ್ಲಿ ಜಾರ್ಜಿಯಾನಾ ಸ್ಲೂ ಎಂಬ ಕವಲು ಹಿಡಿದ ಮರಿಗಳು ಮುಖ್ಯ ಹರಿವಿನಲ್ಲಿ ಉಳಿದವುಗಳಿಗಿಂತ ಕಡಿಮೆ ಬದುಕುತ್ತವೆ ಎಂಬುದು ಟ್ಯಾಗಿನಿಂದಲೇ ಖಚಿತವಾಯಿತು. ಆದರೆ ಮರಿಯನ್ನು ನುಂಗಿದ ಪಟ್ಟೆ ಬಾಸ್ ಮೀನು ಈಜುವಾಗ ಅದರ ಹೊಟ್ಟೆಯಿಂದ ಟ್ಯಾಗ್ ಮಿಡಿಯುತ್ತಲೇ ಇರುತ್ತದೆ, ಸತ್ತ ಮರಿ ಬದುಕಿದಂತೆ ಕಾಣುತ್ತದೆ. ಜಠರರಸಕ್ಕೆ ಹೊದಿಕೆ ಕರಗಿ ಮಿಡಿತ ಬದಲಿಸುವ ಟ್ಯಾಗುಗಳು ಹುಟ್ಟಿಕೊಂಡದ್ದು ಈ ತಲೆನೋವಿಗೆ.

ಇಷ್ಟೆಲ್ಲ ಆದಮೇಲೆ ಪಿಟ್ ಟ್ಯಾಗ್ ಏಕೆ ಎನ್ನುವವರಿದ್ದಾರೆ. ಶಬ್ದದ ಟ್ಯಾಗಿನ ಬ್ಯಾಟರಿ ತಿಂಗಳುಗಳಲ್ಲಿ ಮುಗಿಯುತ್ತದೆ. ಸಾಲ್ಮನ್ ಕಡಲಿನಿಂದ ಮರಳುವುದು ವರ್ಷಗಳ ಮೇಲೆ. ಅಣೆಕಟ್ಟು ದಾಟಿಯೂ ಬಸವಳಿದು ಕಡಲಲ್ಲಿ ಸಾಯುವ ಮರಿಯ ಸುದ್ದಿ ಪಿಟ್ ಟ್ಯಾಗಿನ ಲೆಕ್ಕದಲ್ಲೇ ಸಿಗಬೇಕು. ಇತ್ತ ಲ್ಯಾಂಪ್ರೇ ಎಂಬ ಮೀನಿನ ಮರಿಗಳಿಗೆಂದು 0.08 ಗ್ರಾಮಿನ ಶಬ್ದದ ಟ್ಯಾಗ್ ಬಂದಿದೆ. ಆದರೂ ಹುಟ್ಟಿದ ಕೆಲವೇ ವಾರಗಳಲ್ಲಿ, ನಾಲ್ಕು ಸೆಂಟಿಮೀಟರ್ ಕೂಡ ಬೆಳೆಯದೆ ಅಳಿವೆಯತ್ತ ಇಳಿಯುವ ಚಿನೂಕ್ ಸಾಲ್ಮನ್ ಮರಿಗಳಿಗೆ ಈ ಯಾವ ಟ್ಯಾಗೂ ಒಗ್ಗದು. ಅವುಗಳ ಲೆಕ್ಕ ಇವತ್ತಿಗೂ ಬಲೆ, ಬೋನುಗಳಲ್ಲಿ ಸಿಕ್ಕಷ್ಟರ ಮೇಲೆ ಕಟ್ಟಿದ ಅಂದಾಜು.