ಎಸ್. ಆರ್. ಬೊಮ್ಮಾಯಿ ವಿರುದ್ಧ ಭಾರತ ಒಕ್ಕೂಟ

ಎಸ್. ಆರ್. ಬೊಮ್ಮಾಯಿ ವಿರುದ್ಧ ಭಾರತ ಒಕ್ಕೂಟ ಎಂಬುದು ಸರ್ವೋಚ್ಚ ನ್ಯಾಯಾಲಯದ ಒಂಬತ್ತು ನ್ಯಾಯಮೂರ್ತಿಗಳ ಪೀಠವು 1994ರ ಮಾರ್ಚ್ 11ರಂದು ತೀರ್ಪಿತ್ತ ಮೊಕದ್ದಮೆ. ಸಂವಿಧಾನದ 356ನೆಯ ವಿಧಿಯನ್ವಯ ರಾಜ್ಯ ಸರ್ಕಾರವನ್ನು ವಜಾಗೊಳಿಸುವ ಕೇಂದ್ರದ ಅಧಿಕಾರವನ್ನು ಈ ತೀರ್ಪು ನ್ಯಾಯಾಂಗದ ಪರಿಶೀಲನೆಗೆ ಒಳಪಡಿಸಿತು.

ಹಿನ್ನೆಲೆ

ಈ ವಿಧಿಯ ಬೇರು ಬ್ರಿಟಿಷರ 1935ರ ಭಾರತ ಸರ್ಕಾರ ಕಾಯಿದೆಯ 93ನೆಯ ಸೆಕ್ಷನ್‌ನಲ್ಲಿದೆ. ಪ್ರಾಂತ್ಯದ ಆಡಳಿತವನ್ನು ಗವರ್ನರನು ತನ್ನ ಕೈಗೆ ತೆಗೆದುಕೊಳ್ಳಲು ಅದು ಅವಕಾಶ ನೀಡಿತ್ತು. ವಿಚಿತ್ರವೆಂದರೆ, ಅದೇ ಬ್ರಿಟನ್ನಿನಲ್ಲಿ ಸರ್ಕಾರದ ಅಳಿವು ಉಳಿವು ಸದನದ ವಿಶ್ವಾಸವನ್ನೇ ಅವಲಂಬಿಸಿದೆ. 1979ರ ಮಾರ್ಚ್ 28ರಂದು ಕ್ಯಾಲಹನ್ ಸರ್ಕಾರವು ಕಾಮನ್ಸ್ ಸಭೆಯಲ್ಲಿ 310ಕ್ಕೆ 311 ಮತಗಳಿಂದ, ಅಂದರೆ ಒಂದೇ ಮತದಿಂದ ಬಿದ್ದಿತು. ಬೆಂಗಳೂರಿನಲ್ಲಿ ಮತ ಎಣಿಸುವ ಪ್ರಸಂಗವೇ ಬರಲಿಲ್ಲ.

ಬೊಮ್ಮಾಯಿಯವರು 1988ರ ಆಗಸ್ಟ್‌ನಲ್ಲಿ ಮುಖ್ಯಮಂತ್ರಿಯಾದರು. 1989ರ ಏಪ್ರಿಲ್ 15ರಂದು ಸಂಪುಟ ವಿಸ್ತರಣೆಯಾಯಿತು. ಎರಡೇ ದಿನಗಳಲ್ಲಿ, ಬೆಂಬಲ ಹಿಂತೆಗೆದುಕೊಂಡಿರುವುದಾಗಿ ಹೇಳುವ 19 ಶಾಸಕರ ಪತ್ರಗಳು ರಾಜ್ಯಪಾಲ ಪಿ. ವೆಂಕಟಸುಬ್ಬಯ್ಯನವರ ಕೈ ಸೇರಿದವು. ಅವರು 19ರಂದು ರಾಷ್ಟ್ರಪತಿಗೆ ವರದಿ ಕಳುಹಿಸಿದರು. ಮರುದಿನವೇ ಆ ಶಾಸಕರಲ್ಲಿ ಏಳು ಮಂದಿ, ತಪ್ಪು ತಿಳಿವಳಿಕೆ ನೀಡಿ ತಮ್ಮ ಸಹಿ ಪಡೆಯಲಾಗಿತ್ತೆಂದೂ ಸರ್ಕಾರಕ್ಕೆ ತಮ್ಮ ಬೆಂಬಲವಿದೆಯೆಂದೂ ಬರೆದರು. ಅಧಿವೇಶನವನ್ನು ಮುಂಚಿತವಾಗಿಯೇ ಕರೆದು ಬಹುಮತ ಸಾಬೀತುಪಡಿಸಲು ಸಿದ್ಧವೆಂದು ಮುಖ್ಯಮಂತ್ರಿ ತಿಳಿಸಿದರು. ರಾಜ್ಯಪಾಲರು ಇದನ್ನು ಒಪ್ಪದೆ ಇನ್ನೊಂದು ವರದಿ ಕಳುಹಿಸಿದರು. 21ರಂದು ಸರ್ಕಾರ ವಜಾಗೊಂಡು ವಿಧಾನಸಭೆ ವಿಸರ್ಜನೆಯಾಯಿತು. ಸದನದಲ್ಲಿ ಬಲಪರೀಕ್ಷೆ ಕಡ್ಡಾಯವಲ್ಲವೆಂದು ಹೇಳಿ ಕರ್ನಾಟಕ ಉಚ್ಚ ನ್ಯಾಯಾಲಯವು ಅರ್ಜಿಯನ್ನು ತಳ್ಳಿಹಾಕಿತು.

ತೀರ್ಪು

ಬಹುಮತವನ್ನು ಅಳೆಯುವ ಸ್ಥಳ ಸದನವೇ ಹೊರತು ರಾಜ್ಯಪಾಲರ ವೈಯಕ್ತಿಕ ಅಭಿಪ್ರಾಯವಲ್ಲ ಎಂಬುದು ತೀರ್ಪಿನ ತಿರುಳು. ಮಂತ್ರಿಮಂಡಲವು ರಾಷ್ಟ್ರಪತಿಗೆ ನೀಡಿದ ಸಲಹೆಯನ್ನು ನ್ಯಾಯಾಲಯ ವಿಚಾರಿಸುವಂತಿಲ್ಲವಾದರೂ, ಆ ಸಲಹೆಗೆ ಆಧಾರವಾದ ಸಾಮಗ್ರಿಯನ್ನು ತರಿಸಿ ನೋಡಬಹುದು; ಆಧಾರವಿಲ್ಲದ ಅಥವಾ ದುರುದ್ದೇಶದ ಘೋಷಣೆಯನ್ನು ರದ್ದುಗೊಳಿಸಬಹುದು. ಸಂಸತ್ತಿನ ಉಭಯ ಸದನಗಳು ಘೋಷಣೆಯನ್ನು ಅನುಮೋದಿಸುವವರೆಗೆ ವಿಧಾನಸಭೆಯನ್ನು ವಿಸರ್ಜಿಸುವಂತಿಲ್ಲ, ಅಮಾನತ್ತಿನಲ್ಲಿಡಬಹುದಷ್ಟೆ. ಕರ್ನಾಟಕದೊಡನೆ ನಾಗಾಲ್ಯಾಂಡ್ ಮತ್ತು ಮೇಘಾಲಯದ ಘೋಷಣೆಗಳೂ ಅಸಾಂವಿಧಾನಿಕವೆನಿಸಿದವು. ಮಧ್ಯಪ್ರದೇಶ, ರಾಜಸ್ಥಾನ, ಹಿಮಾಚಲ ಪ್ರದೇಶಗಳಲ್ಲಿ 1992ರಲ್ಲಿ ನಡೆದ ವಜಾಗಳನ್ನು ಮಾತ್ರ, ಜಾತ್ಯತೀತತೆ ಸಂವಿಧಾನದ ಮೂಲಸ್ವರೂಪದ ಅಂಗವೆಂಬ ಆಧಾರದ ಮೇಲೆ, ಪೀಠ ಎತ್ತಿಹಿಡಿಯಿತು.

ಪರಿಣಾಮ

ಬೊಮ್ಮಾಯಿಯವರಿಗೆ ಅಧಿಕಾರ ಮರಳಲಿಲ್ಲ. ತೀರ್ಪು ಬರಲು ಐದು ವರ್ಷಗಳೇ ಹಿಡಿದಿದ್ದವು. ಆ ನಡುವೆ 1989ರ ಚುನಾವಣೆ ಮುಗಿದು, ರಾಜ್ಯ ಮೂವರು ಮುಖ್ಯಮಂತ್ರಿಗಳನ್ನು ಕಂಡಿತ್ತು. ವಿಳಂಬವೇ ಈ ಪ್ರಕರಣದ ದೊಡ್ಡ ಕೊರತೆಯೆನ್ನಬೇಕು. ಫಲ ದೊರೆತದ್ದು ಬೇರೆಯವರಿಗೆ. 1997ರಲ್ಲಿ ಉತ್ತರ ಪ್ರದೇಶ ಸರ್ಕಾರವನ್ನು ವಜಾಗೊಳಿಸುವ ಶಿಫಾರಸನ್ನು ರಾಷ್ಟ್ರಪತಿ ಕೆ. ಆರ್. ನಾರಾಯಣನ್ ಮರುಪರಿಶೀಲನೆಗೆ ಹಿಂದಿರುಗಿಸಿದರು. ಕರ್ನಾಟಕದಲ್ಲಿಯೇ 2018ರ ಮೇ 18ರಂದು ಸರ್ವೋಚ್ಚ ನ್ಯಾಯಾಲಯವು ಮರುದಿನವೇ ಬಲಪರೀಕ್ಷೆ ನಡೆಸುವಂತೆ ಆದೇಶಿಸಿತು, ಮುಖ್ಯಮಂತ್ರಿ ಬಿ. ಎಸ್. ಯಡಿಯೂರಪ್ಪನವರು ಮತದಾನಕ್ಕೆ ಮೊದಲೇ ರಾಜೀನಾಮೆ ಘೋಷಿಸಿದರು.