ಬ್ರಹ್ಮಗಿರಿಯ ಮಡಕೆಗಳು

ಚಿತ್ರದುರ್ಗ ಜಿಲ್ಲೆಯ ಮೊಳಕಾಲ್ಮೂರು ತಾಲ್ಲೂಕಿನ ಅಶೋಕ ಸಿದ್ದಾಪುರದ ಬಳಿ ಬ್ರಹ್ಮಗಿರಿ ಬೆಟ್ಟವಿದೆ. ಅದರ ತಪ್ಪಲಿನಲ್ಲಿ ಸಿಕ್ಕ ಮಡಕೆ ಚೂರುಗಳು ದಕ್ಷಿಣ ಭಾರತದ ಪ್ರಾಚೀನ ಕಾಲಗಣನೆಗೆ ಮುಖ್ಯ ಆಧಾರ. ಮೆಡಿಟರೇನಿಯನ್ ಜಗತ್ತಿನೊಂದಿಗೆ ಒಳನಾಡಿಗಿದ್ದ ನಂಟಿನ ಚರ್ಚೆಯಲ್ಲೂ ಇವುಗಳಿಗೆ ಸ್ಥಾನವಿದೆ.

1892ರಲ್ಲಿ ಶಾಸನತಜ್ಞ ಬಿ.ಎಲ್. ರೈಸ್ ಇಲ್ಲಿ ಅಶೋಕನ ಶಾಸನವನ್ನು ಪತ್ತೆ ಹಚ್ಚಿದರು. ಅದರಲ್ಲಿ ಹೆಸರಿಸಿರುವ ಇಸಿಲ ಪಟ್ಟಣ ಇದೇ ಎಂದು ವಿದ್ವಾಂಸರು ಗುರುತಿಸಿದ್ದಾರೆ. 1940ರ ದಶಕದ ಆರಂಭದಲ್ಲಿ ಮೈಸೂರಿನ ಎಂ.ಎಚ್. ಕೃಷ್ಣ, 1947ರಲ್ಲಿ ಬ್ರಿಟಿಷ್ ಪುರಾತತ್ವಜ್ಞ ಮಾರ್ಟಿಮರ್ ವ್ಹೀಲರ್ ಉತ್ಖನನ ನಡೆಸಿದರು.

ವ್ಹೀಲರ್ ಮೂರು ಸಂಸ್ಕೃತಿಗಳನ್ನು ಗುರುತಿಸಿದರು. ತಳದಲ್ಲಿ ನಯಗೊಳಿಸಿದ ಕಲ್ಲುಕೊಡಲಿಯ ಜನ ಕೈಯಿಂದಲೇ ಮಾಡಿದ ಒರಟು ಬೂದು ಮಡಕೆಗಳು. ಶಿಶುಗಳನ್ನು ಹೂಳಲೂ ಅವರು ಗಡಿಗೆಗಳನ್ನೇ ಬಳಸಿದ್ದರು. ಅದರ ಮೇಲೆ ಬೃಹತ್ ಶಿಲಾ ಸಮಾಧಿಗಳ ಕಾಲದ ಕಪ್ಪು-ಕೆಂಪು ಮಡಕೆಗಳು: ಒಳಮೈ ಮತ್ತು ಬಾಯಂಚು ಕಪ್ಪು, ಹೊರಮೈ ಕೆಂಪು. ಎಲ್ಲಕ್ಕೂ ಮೇಲೆ, ಸಾತವಾಹನ ಕಾಲದ ಪದರದಲ್ಲಿ, ಬಿಳಿ ಗೆರೆಗಳ ಚಿತ್ತಾರವಿರುವ ಕಾವಿಬಣ್ಣದ ಮಡಕೆಗಳು.

ಈ ಮೇಲಿನ ಪದರದಲ್ಲೇ ರೂಲೆಟೆಡ್ ಮಡಕೆಯ ಚೂರುಗಳೂ ಸಿಕ್ಕವು. ಅದು ನುಣುಪಾದ ಜೇಡಿಯಿಂದ ಮಾಡಿದ, ಅಂಚು ಒಳಕ್ಕೆ ಬಾಗಿದ ಅಗಲ ತಟ್ಟೆ. ಒಳತಳದಲ್ಲಿ ಸಣ್ಣ ಸಣ್ಣ ಗೀರುಗಳು ಸುತ್ತುಸುತ್ತಾಗಿ ಪಟ್ಟಿ ಕಟ್ಟಿರುತ್ತವೆ. ತಿಗರಿ ತಿರುಗುತ್ತಿರುವಾಗ ಹಲ್ಲಿನ ಪುಟ್ಟ ಗಾಲಿಯನ್ನೊತ್ತಿ ಅಥವಾ ಅದುರುವ ಅಲಗನ್ನು ತಾಗಿಸಿ ಇವನ್ನು ಮೂಡಿಸಿರಬೇಕು ಎಂಬುದು ತಜ್ಞರ ಊಹೆ.

ವ್ಹೀಲರ್ 1945ರಲ್ಲಿ ಪುದುಚೇರಿ ಸಮೀಪದ ಅರಿಕಮೇಡಿನಲ್ಲಿ ಇಂಥದ್ದೇ ತಟ್ಟೆಗಳನ್ನು ಕಂಡಿದ್ದರು. ಅಲ್ಲಿ, ಕಾಲ ಮೊದಲೇ ತಿಳಿದಿದ್ದ ಇಟಲಿಯ ಅರೆಟೈನ್ ಪಾತ್ರೆಗಳೂ ದೊರೆತಿದ್ದರಿಂದ ಈ ತಟ್ಟೆಗಳ ಕಾಲ ಗೊತ್ತಾಗಿತ್ತು. ಆ ಸುಳಿವು ಹಿಡಿದೇ ಅವರು ಬ್ರಹ್ಮಗಿರಿಯ ಮೇಲಿನ ಪದರವನ್ನು ಕ್ರಿ.ಶ. ಮೊದಲ ಶತಮಾನಕ್ಕೆ ಸೇರಿಸಿ, ಕೆಳಗಿನವುಗಳ ಕಾಲವನ್ನು ಲೆಕ್ಕ ಹಾಕಿದರು. ಚಿತ್ರದುರ್ಗದ ಚಂದ್ರವಳ್ಳಿಯಲ್ಲಿ ಸಿಕ್ಕ ರೋಮನ್ ಚಕ್ರವರ್ತಿ ಟೈಬೀರಿಯಸನ ಬೆಳ್ಳಿ ನಾಣ್ಯ ಇದಕ್ಕೆ ಬಲ ಕೊಟ್ಟಿತು.

ಮುಂದೆ ಈ ತೀರ್ಮಾನಗಳು ಬದಲಾದವು. ರೇಡಿಯೊಕಾರ್ಬನ್ ವಿಧಾನ ಬಂದ ಮೇಲೆ ಕಲ್ಲುಕೊಡಲಿಯ ಜನರ ಕಾಲವಾದ ಈ ಭಾಗದ ನವಶಿಲಾಯುಗ ಹಿಂದಕ್ಕೆ, ಕ್ರಿ.ಪೂ. ಮೂರನೆಯ ಸಹಸ್ರಮಾನಕ್ಕೆ ಸರಿಯಿತು. ಗೀರುಪಟ್ಟಿಯ ತಟ್ಟೆಗಳು ಹಡಗಿನಲ್ಲಿ ಬಂದ ವಿದೇಶಿ ಸರಕಲ್ಲ, ಭಾರತದಲ್ಲೇ ತಯಾರಾದವು ಎಂದು ಪುರಾತತ್ವಜ್ಞೆ ವಿಮಲಾ ಬೆಗ್ಲಿ ವಾದಿಸಿದರು. ಜೇಡಿಯ ಖನಿಜ ಪರೀಕ್ಷೆಗಳು ಬಂಗಾಳದ ಕಡೆಗೂ ಬೊಟ್ಟು ಮಾಡಿವೆ. ಗೀರು ಹಾಕುವ ಕಸುಬು ಮಾತ್ರ ಮೆಡಿಟರೇನಿಯನ್ ಕಡೆಯಿಂದ ಬಂದಿರಬಹುದೆಂಬ ಅಭಿಪ್ರಾಯ ಉಳಿದುಕೊಂಡಿದೆ. ಇದೇ ಬಗೆಯ ತಟ್ಟೆಗಳು ಶ್ರೀಲಂಕಾದ ಅನುರಾಧಪುರ, ಬಾಲಿ ದ್ವೀಪದ ಸೆಂಬಿರಾನ್ ಮತ್ತು ಈಜಿಪ್ಟಿನ ಬೆರೆನಿಕೆಗಳಲ್ಲೂ ದೊರೆತಿವೆ.